ನಡಿಗೆ ಒಂದೇ ಸಾಲದು: ಅರವತ್ತರ ನಂತರ ಭಾರ ಎತ್ತಲು ಶುರು ಮಾಡುವುದು ಹೇಗೆ

ನಾಲ್ಕು ವರ್ಷದ ಹಿಂದಿನ ಮಾತು. ಅಮ್ಮನಿಗೆ ಆಗ 69. ದೇವರಿಗೆ ದೀಪ ಹಚ್ಚಿ, ನೆಲದಿಂದ ಏಳಲು ಹೊರಟರು. ಬಲಗೈ ನೆಲಕ್ಕೆ ಊರಿದರು, ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದರು. ಅರ್ಧ ಎದ್ದವರು ಮತ್ತೆ ಕೂತುಬಿಟ್ಟರು. ಎರಡನೇ ಸಲಕ್ಕೆ ಎದ್ದರು. ನಾನು ಚೌಕಟ್ಟು ನೋಡಿದೆ. ಅವರು ಹಿಡಿಯುವ ಜಾಗದಲ್ಲಿ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು. ಎಷ್ಟು ತಿಂಗಳಿಂದ ಹೀಗೆ ಏಳುತ್ತಿದ್ದರೋ, ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ.

ಅಮ್ಮ ಸೋಮಾರಿ ಅಲ್ಲ. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ತಪ್ಪಿಸುತ್ತಿರಲಿಲ್ಲ. ಶುಗರ್ ಹತೋಟಿಯಲ್ಲಿತ್ತು, ಬಿಪಿಯೂ ಪರವಾಗಿರಲಿಲ್ಲ. ಆದರೆ ನೆಲದಿಂದ ಏಳುವ ಶಕ್ತಿ ಹೋಗಿತ್ತು. ಆ ಶಕ್ತಿಯನ್ನು ಮನೆಯಲ್ಲೇ ವಾಪಸ್ ತಂದುಕೊಳ್ಳುವುದು ಹೇಗೆ ಅಂತ ಅಂದಿನಿಂದ ಓದಿ, ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಅಮ್ಮನ ಜೊತೆ ನಿಂತು ಮಾಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವಾಕಿಂಗ್ ಮಾಡಿದರೂ ಕಾಲಿನ ಬಲ ಯಾಕೆ ಹೋಗುತ್ತದೆ

ನಮ್ಮ ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನವಾಗಿ, ದಣಿಯದೆ ಕೆಲಸ ಮಾಡುತ್ತದೆ. ಇನ್ನೊಂದು ಥಟ್ಟನೆ ಜೋರು ಬಲ ಕೊಡುತ್ತದೆ. ಸಮತಟ್ಟಾದ ಪಾರ್ಕಿನಲ್ಲಿ ನಡೆಯಲು ಮೊದಲನೆಯದೇ ಹೆಚ್ಚುಕಡಿಮೆ ಸಾಕು. ಕುರ್ಚಿಯಿಂದ ಏಳಲು, ಎತ್ತರದ ಬಸ್ಸಿನ ಮೆಟ್ಟಿಲು ಹತ್ತಲು, ಎಡವಿದಾಗ ಕಾಲು ಮುಂದಿಟ್ಟು ಬೀಳದೆ ನಿಲ್ಲಲು ಎರಡನೆಯದು ಬೇಕು. ವಯಸ್ಸಾಗುತ್ತಾ ಮೊದಲು ಸೊರಗುವುದು ಈ ಎರಡನೆಯದೇ. ಅದಕ್ಕೆ ಕೆಲಸ ಕೊಡಬೇಕಾದರೆ ಭಾರ ಬೇಕು. ಬರೀ ಹೆಜ್ಜೆ ಎಣಿಸಿದರೆ ಆಗುವುದಿಲ್ಲ.

ವಯಸ್ಸಿನ ಜೊತೆ ಮಾಂಸಖಂಡ ಕರಗುವುದಕ್ಕೆ ವೈದ್ಯರು ಸಾರ್ಕೋಪೀನಿಯಾ ಅನ್ನುತ್ತಾರೆ. ಈ ಹೆಸರು ಬಂದಿದ್ದು 1989ರಲ್ಲಿ, ಇಟ್ಟವರು ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಮಾಂಸಖಂಡ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ ಹೋಗುತ್ತದೆ. ಬಲ ಇಳಿಯುವುದು ಅದಕ್ಕಿಂತ ಜೋರು. ಹಾಗಾಗಿ ಕೈಕಾಲು ನೋಡಲು ದಪ್ಪಗಿದ್ದರೂ ಒಳಗೆ ಬಲ ಇಲ್ಲದಿರಬಹುದು.

ಕಳೆದುಹೋದ ಬಲ ಯಾವ ವಯಸ್ಸಿನಲ್ಲಾದರೂ ವಾಪಸ್ ಬರುತ್ತದೆ. ಅಮೆರಿಕದ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು 86ರಿಂದ 96 ವರ್ಷದ ಹತ್ತು ಜನರಿಗೆ ವಾರಕ್ಕೆ ಮೂರು ದಿನ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಒಂದೇ ಒಂದು ಸಲ ಎತ್ತಬಲ್ಲಷ್ಟು ಭಾರ ಇರುತ್ತದಲ್ಲ, ಅದರ ಶೇ 80ರಷ್ಟು. ಹಗುರದ ಮಾತಲ್ಲ. ಎಂಟು ವಾರ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಇಬ್ಬರು ಕೋಲು ಬಿಟ್ಟು ನಡೆದರು. ಇದು ಪ್ರಕಟವಾದದ್ದು 1990ರಲ್ಲಿ. ಆದರೂ ನಮ್ಮಲ್ಲಿ ಇವತ್ತಿಗೂ "ವಯಸ್ಸಾಯ್ತು, ಭಾರ ಎತ್ತಬೇಡಿ" ಅನ್ನುವ ಮಾತೇ ಜಾಸ್ತಿ ಕೇಳುತ್ತದೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ಪ್ರೀತಿಯಿಂದ ಹೇಳುವ ಮಾತೇ, ಆದರೆ ಅದರಿಂದಲೇ ಎಷ್ಟೋ ಜನ ಬೇಗ ಹಾಸಿಗೆ ಹಿಡಿಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಏನು ಗೊತ್ತಾ? 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಬೇಕು. ಅದರ ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ಮೊದಲನೆಯದು ಎಲ್ಲರಿಗೂ ಗೊತ್ತು. ಉಳಿದ ಎರಡನ್ನು ಯಾರೂ ಹೇಳುವುದೇ ಇಲ್ಲ.

ನಮ್ಮ ಅಜ್ಜಿಯರಿಗೆ ಇದೆಲ್ಲ ಹೇಳಬೇಕಾಗಿರಲಿಲ್ಲ. ಬಾವಿಯಿಂದ ನೀರು ಸೇದಿ ಬಿಂದಿಗೆ ಹೊರುತ್ತಿದ್ದರು, ಒರಳಲ್ಲಿ ಹಿಟ್ಟು ರುಬ್ಬುತ್ತಿದ್ದರು, ನೆಲದಲ್ಲಿ ಕೂತು ಏಳುವುದು ದಿನಕ್ಕೆ ಹತ್ತಾರು ಸಲ. ಮೋಟಾರು, ಮಿಕ್ಸಿ, ಡೈನಿಂಗ್ ಟೇಬಲ್ ಬಂದವು. ಬಂದದ್ದು ಒಳ್ಳೆಯದೇ. ಆದರೆ ಹೋದ ಭಾರವನ್ನು ಬೇರೆ ದಾರಿಯಲ್ಲಿ ತಂದುಕೊಳ್ಳಬೇಕು.

ಮೊದಲು ಡಾಕ್ಟರ ಹತ್ತಿರ ಒಂದು ಮಾತು

ಆರು ತಿಂಗಳಿಂದ ಈಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ, ನಡೆಯುವಾಗ ಎದೆ ಹಿಡಿದಂತೆ ಆಗುತ್ತಿದ್ದರೆ, ಹರ್ನಿಯಾ ಇದ್ದರೆ, ಇತ್ತೀಚೆಗೆ ಮೂಳೆ ಮುರಿದಿದ್ದರೆ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಹಾಳಾಗಿದ್ದರೆ ಕೇಳದೆ ಶುರು ಮಾಡಬೇಡಿ. ಕೇಳುವಾಗ "ವ್ಯಾಯಾಮ ಮಾಡಬಹುದಾ" ಅಂತ ಕೇಳಿದರೆ "ವಾಕಿಂಗ್ ಮಾಡಿ" ಅನ್ನುವ ಉತ್ತರ ಸಿಗುತ್ತದೆ. "ಕೈಯಲ್ಲಿ ಐದು ಕೆಜಿ ಹಿಡಿದು ಕುರ್ಚಿಯಿಂದ ಎದ್ದು ಕೂರಬಹುದಾ" ಅಂತ ಸರಿಯಾಗಿ ಕೇಳಿ.

ಬಿಪಿ ವಿಶ್ರಾಂತಿಯಲ್ಲಿರುವಾಗಲೇ 180/110 ದಾಟಿದ್ದರೆ ಅವತ್ತು ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬೇಡಿ, ಪಕ್ಕದಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಬೆನ್ನುಮೂಳೆಯಲ್ಲಿ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಟೊಳ್ಳಾಗುವುದು) ಇರುವವರು ಬೆನ್ನು ಗೂನು ಮಾಡಿ ಬಗ್ಗುವುದು, ಭಾರ ಹಿಡಿದು ಸೊಂಟ ತಿರುಚುವುದು ಎರಡನ್ನೂ ಬಿಡಿ.

ಮಾಡುವಾಗ ಎದೆನೋವು, ದವಡೆಗೋ ಎಡಗೈಗೋ ಹರಿಯುವ ನೋವು, ತಲೆಸುತ್ತು, ಮಾತಾಡಲೂ ಆಗದಷ್ಟು ಏದುಸಿರು ಬಂದರೆ ತಕ್ಷಣ ನಿಲ್ಲಿಸಿ. ಎದೆನೋವು ಹೋಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಈಗ ಎಷ್ಟು ಬಲ ಇದೆ, ಅಳೆದು ಬರೆದಿಡಿ

ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ಬೇಕು, ಸೀಟು ಸುಮಾರು 43 ಸೆಂಟಿಮೀಟರ್ ಎತ್ತರ. ಮಧ್ಯದಲ್ಲಿ ಕೂತು ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಮನೆಯವರೊಬ್ಬರು ಮೊಬೈಲಿನಲ್ಲಿ 30 ಸೆಕೆಂಡ್ ಇಡಲಿ. ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅಂತ ಎಣಿಸಿ. ಕೈ ಊರಿ ಎದ್ದರೆ ಲೆಕ್ಕ ಸೊನ್ನೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಪಟ್ಟಿಯ ಪ್ರಕಾರ 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಜಾಸ್ತಿ. 70ರಿಂದ 74ಕ್ಕೆ ಗಂಡಸರಿಗೆ 12, ಹೆಂಗಸರಿಗೆ 10. 80ರಿಂದ 84ಕ್ಕೆ 10 ಮತ್ತು 9. ಅಮ್ಮನ ಮೊದಲ ಲೆಕ್ಕ ಸೊನ್ನೆ. ಒಂದು ಸಲವೂ ಕೈ ಊರದೆ ಏಳಲು ಆಗಲಿಲ್ಲ. ಬರೆದಿಟ್ಟೆವು. ಆ ಸೊನ್ನೆ ಕಂಡು ಅಮ್ಮನಿಗೆ ಬೇಜಾರಾಯ್ತು, ನಿಜ. ಆದರೆ ಮುಂದೆ ಹಟ ಹಿಡಿಸಿದ್ದೂ ಅದೇ.

ಜೊತೆಗೆ ಇನ್ನೊಂದು ನೋಡಿ. ಅಡುಗೆಮನೆ ಕಟ್ಟೆಯ ಪಕ್ಕ ನಿಂತು ಒಂದು ಕಾಲು ಎತ್ತಿ ಎಷ್ಟು ಸೆಕೆಂಡ್ ನಿಲ್ಲುತ್ತೀರಿ? ಕಟ್ಟೆ ಕೈಗೆ ಎಟಕುವಂತಿರಲಿ. ಇದನ್ನೂ ಬರೆಯಿರಿ.

ಏನೇನು ಬೇಕು

ಕುರ್ಚಿ ಆಗಲೇ ಹೇಳಿದೆ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ. ಟೈಲ್ಸ್ ಮೇಲೆ ಅದು ಜಾರುತ್ತದೆ, ಕಾಲು ಅಗಲವಾಗಿ ಬಾಗುತ್ತದೆ. ಮರದ್ದೋ ಕಬ್ಬಿಣದ್ದೋ ಇರಲಿ. ಸಾಕ್ಸ್ ಹಾಕಿಕೊಂಡು ಮಾಡಬೇಡಿ, ಬರಿಗಾಲು ಅಥವಾ ಹಿಡಿತ ಇರುವ ಶೂ. ಸೀರೆಯ ನೆರಿಗೆ, ಪಂಚೆಯ ಅಂಚು ಕಾಲಿಗೆ ಸಿಗದಂತೆ ನೋಡಿಕೊಳ್ಳಿ. ಅಮ್ಮ ಮೊದಲು ಸೀರೆ ಎತ್ತಿ ಸಿಕ್ಕಿಸಿ ಮಾಡುತ್ತಿದ್ದರು, ಆಮೇಲೆ ಚೂಡಿದಾರಕ್ಕೆ ಬದಲಾದರು.

ಭಾರಕ್ಕೆ ಒಂದು ಲೀಟರಿನ ನೀರಿನ ಬಾಟಲಿ ಒಂದು ಕೆಜಿ. ಗಟ್ಟಿ ಹಿಡಿಯಿರುವ ಬಟ್ಟೆ ಚೀಲದೊಳಗೆ ಅಕ್ಕಿಯ ಪ್ಯಾಕೆಟ್ ಇಟ್ಟರೆ ಎಷ್ಟು ಬೇಕೋ ಅಷ್ಟು ಭಾರ. ಎಳೆಯುವ ವ್ಯಾಯಾಮಕ್ಕೆ ಒಂದು ರಬ್ಬರ್ ಬ್ಯಾಂಡ್ ಕೊಳ್ಳಿ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಂಡು ಹಳೆಯದಾದರೆ ಬಿರುಕು ಬಿಟ್ಟಿದೆಯಾ ನೋಡಿ. ತುಂಡಾಗಿ ಮುಖಕ್ಕೆ ಹೊಡೆಯುತ್ತದೆ.

ಪಾರ್ಕಿನ ಓಪನ್ ಜಿಮ್ ಸಾಲದಾ ಅಂತ ಕೇಳುತ್ತಾರೆ. ಕೀಲು ಸಡಿಲಾಗಲು ಒಳ್ಳೆಯದು. ಆದರೆ ಅಲ್ಲಿನ ಹೆಚ್ಚಿನ ಯಂತ್ರಗಳಲ್ಲಿ ಭಾರ ಏರಿಸಲು ಆಗುವುದಿಲ್ಲ, ಸುಮ್ನೆ ತೂಗಾಡಿದ ಹಾಗೆ ಆಗುತ್ತದೆ. ಇನ್ನು ಜಿಮ್. ಒಂದು ತಿಂಗಳು ಅಮ್ಮನನ್ನು ಹತ್ತಿರದ ಒಂದು ಜಿಮ್‌ಗೆ ಸೇರಿಸಿದ್ದೆ. ಅಲ್ಲಿನ ಹುಡುಗ ಅರ್ಧ ಗಂಟೆ ಟ್ರೆಡ್‌ಮಿಲ್ ಹತ್ತಿಸಿ, ಅರ್ಧ ಕೆಜಿಯ ಡಂಬೆಲ್ ಕೈಗೆ ಕೊಟ್ಟು, ತಿಂಗಳು ಪೂರ್ತಿ ಅದನ್ನೇ ಮಾಡಿಸಿದ. ಮನೆಯಲ್ಲಿ ತುಂಬಿದ ಕುಕ್ಕರ್ ಎತ್ತುವ ಹೆಂಗಸಿಗೆ ಅರ್ಧ ಕೆಜಿ! ವಯಸ್ಸಾದವರ ಜೊತೆ ಕೆಲಸ ಮಾಡಿ ಗೊತ್ತಿರುವವರು ಸಿಕ್ಕರೆ ಜಿಮ್ ಬಹಳ ಒಳ್ಳೆಯ ಜಾಗ. ಸಿಗದಿದ್ದರೆ ಮನೆಯೇ ವಾಸಿ.

ಕುರ್ಚಿ ಬಸ್ಕಿ: ಎಲ್ಲಕ್ಕಿಂತ ಮುಖ್ಯ

ಒಂದೇ ಒಂದು ವ್ಯಾಯಾಮ ಮಾಡಲು ಟೈಮ್ ಇದ್ದರೆ ಇದನ್ನೇ ಮಾಡಿ. ಗರಡಿಮನೆಯ ಬಸ್ಕಿಯೇ ಇದು, ಕುರ್ಚಿ ಮಾತ್ರ ಜೊತೆಗಿದೆ.

ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಿ. ಪಾದಗಳು ಸೊಂಟದಷ್ಟು ಅಗಲ, ಮಂಡಿಗಿಂತ ತುಸು ಹಿಂದೆ. ಏಳಲು ಕಷ್ಟಪಡುವ ಬಹಳ ಜನ ಪಾದವನ್ನು ಮುಂದೆ ಚಾಚಿಕೊಂಡಿರುತ್ತಾರೆ. ಹಾಗಿದ್ದರೆ ಯಾರಿಗೂ ಏಳಲು ಆಗುವುದಿಲ್ಲ. ಪಾದ ಹಿಂದಕ್ಕೆ ಎಳೆದುಕೊಂಡರೆ ಸಾಕು, ಅರ್ಧ ಕಷ್ಟ ಹೋಗುತ್ತದೆ.

ಈಗ ಎದೆಯನ್ನು ಮುಂದೆ ಬಾಗಿಸಿ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು. ಹಿಮ್ಮಡಿಯಿಂದ ನೆಲವನ್ನು ಒತ್ತಿ, ಉಸಿರು ಬಿಡುತ್ತಾ ಏಳಿ. ಪೂರ್ತಿ ನೆಟ್ಟಗೆ ನಿಲ್ಲಿ. ಕೂರುವಾಗ ಧೊಪ್ಪನೆ ಬೀಳಬೇಡಿ. ಒಂದು, ಎರಡು, ಮೂರು ಅಂತ ಎಣಿಸುತ್ತಾ ನಿಧಾನ ಇಳಿಯಿರಿ. ಬಲ ಬೆಳೆಯಲು ಈ ಇಳಿಯುವುದೂ ಮುಖ್ಯ. ಮಂಡಿಗಳು ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಲಿ.

ಆಗುವುದೇ ಇಲ್ಲ ಅನ್ನುವವರು ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಅಮ್ಮ ಶುರು ಮಾಡಿದ್ದು ಎರಡು ದಿಂಬಿನಿಂದ, ಐದೇ ಸಲ. ಮೊದಲ ದಿನ ಮೂರನೇ ಸಲಕ್ಕೆ ತೊಡೆ ನಡುಗಿದ್ದನ್ನು ನಾನು ನೋಡಿದ್ದೇನೆ. ಮೂರನೇ ವಾರ ಒಂದು ದಿಂಬು ತೆಗೆದೆವು, ಏಳನೇ ವಾರ ಇನ್ನೊಂದು. ಬರಿ ಕುರ್ಚಿಯಿಂದ ಹನ್ನೆರಡು ಸಲ ಬಂದ ಮೇಲೆ ಎರಡು ಕೆಜಿ ರಾಗಿ ಹಿಟ್ಟಿನ ಪ್ಯಾಕೆಟ್ ಎದೆಗವಚಿಕೊಂಡು ಮಾಡಿದರು. ಆಮೇಲೆ ಐದು ಕೆಜಿ ಅಕ್ಕಿ. ಭಾರ ಏರುತ್ತಾ ಹೋಗಬೇಕು, ಅದೇ ಇದರ ಜೀವ. ಎರಡು ವರ್ಷ ಅದೇ ಭಾರದಲ್ಲಿ ಅಷ್ಟೇ ಸಲ ಮಾಡಿದರೆ ದೇಹಕ್ಕೆ ಬೆಳೆಯಲು ಕಾರಣವೇ ಇರುವುದಿಲ್ಲ.

ಸೊಂಟದಿಂದ ಬಾಗಿ ಎತ್ತುವುದು

ಬಕೆಟ್ ಎತ್ತಲು ಹೋಗಿ ಸೊಂಟ ಹಿಡಿಯಿತು ಅನ್ನುವುದನ್ನು ಎಷ್ಟು ಸಲ ಕೇಳಿಲ್ಲ? ಬೆನ್ನು ಗೂನು ಮಾಡಿ, ಕೈ ಚಾಚಿ, ದೂರದಿಂದ ಎತ್ತುವುದರಿಂದ ಹಾಗಾಗುತ್ತದೆ. ಸರಿಯಾಗಿ ಎತ್ತುವುದನ್ನು ಕಲಿತರೆ ಅದೇ ಬೆನ್ನಿಗೆ ಬಲ.

ಎರಡೂ ಕೈಯಲ್ಲಿ ಸಾಮಾನು ಇರುವಾಗ ಹಿಂದಿನ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುತ್ತೀರಲ್ಲ, ಅದೇ ಚಲನೆ. ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಲ್ಲಿ. ಮಂಡಿ ತುಸು ಸಡಿಲ. ಹಿಂಭಾಗವನ್ನು ಹಿಂದಕ್ಕೆ ಕಳಿಸಿ ಗೋಡೆ ಮುಟ್ಟಿಸಿ. ಬೆನ್ನು ಹಲಗೆಯ ಹಾಗೆ ನೇರ. ತೊಡೆಯ ಹಿಂದೆ ಎಳೆದಂತೆ ಅನಿಸಿದರೆ ಸರಿಯಾಗಿದೆ. ವಾಪಸ್ ಬಂದು ನೆಟ್ಟಗೆ ನಿಲ್ಲಿ. ಒಂದು ವಾರ ಭಾರ ಇಲ್ಲದೆ ಇದನ್ನಷ್ಟೇ ಮಾಡಿ. ನೇರ ಇದೆಯಾ ಅಂತ ಪಕ್ಕದಿಂದ ಯಾರಾದರೂ ನೋಡಬೇಕು. ಮೊಬೈಲಿನಲ್ಲಿ ವಿಡಿಯೋ ತೆಗೆದು ತೋರಿಸಿದರೆ ಇನ್ನೂ ಒಳ್ಳೆಯದು, ಹೇಳಿದ್ದಕ್ಕಿಂತ ಕಂಡಿದ್ದು ಬೇಗ ಹತ್ತುತ್ತದೆ.

ಆಮೇಲೆ ಚೀಲ. ನೆಲದ ಮೇಲಲ್ಲ, ಸ್ಟೂಲ್ ಮೇಲೆ ಇಡಿ. ಐದು ಕೆಜಿಯಿಂದ ಶುರು. ಚೀಲ ಕಾಲಿಗೆ ತಾಗುವಷ್ಟು ಹತ್ತಿರ ನಿಂತು, ಹಿಂಭಾಗ ಹಿಂದೆ ಕಳಿಸಿ, ಹಿಡಿ ಹಿಡಿದು, ನೆಲ ಒತ್ತಿ ಏಳಿ. ಭಾರ ಕೈಯಲ್ಲಿ ನೇತಾಡಲಿ, ಎತ್ತುವ ಕೆಲಸ ಕಾಲು ಮತ್ತು ಸೊಂಟದ್ದು. ಬಲ ಬಂದಂತೆ ಸ್ಟೂಲಿನ ಎತ್ತರ ಇಳಿಸಿ, ಭಾರ ಏರಿಸಿ. ಅಮ್ಮ ಈಗ 18 ಕೆಜಿಯ ಚೀಲ ಎತ್ತುತ್ತಾರೆ. ಇದಕ್ಕೆ ಎರಡು ವರ್ಷ ಹಿಡಿಯಿತು, ಅವಸರ ಮಾಡಲಿಲ್ಲ.

ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದಿದ್ದ, ಮುಟ್ಟು ನಿಂತ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ ಭಾರಿ ಭಾರವನ್ನೇ ಎತ್ತಿಸಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ತಜ್ಞರು ಪಕ್ಕದಲ್ಲೇ ನಿಂತು ಮಾಡಿಸಿದ್ದು ಅನ್ನುವುದನ್ನೂ ಮರೆಯಬಾರದು. ಮೂಳೆ ಸವೆದಿದೆ ಅಂತ ಗೊತ್ತಿರುವವರು ಫಿಸಿಯೋ ನೋಡದೆ ಈ ಒಂದನ್ನು ಶುರು ಮಾಡಬೇಡಿ.

ತಳ್ಳು, ಎಳೆ, ಹೊರು

ತಳ್ಳುವುದಕ್ಕೆ ಗೋಡೆ ದಂಡ. ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಎದೆಯ ಎತ್ತರಕ್ಕೆ ಅಂಗೈ ಊರಿ, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತಂದು ವಾಪಸ್ ತಳ್ಳಿ. ಸುಲಭ ಆದ ಮೇಲೆ ಅಡುಗೆಮನೆ ಕಟ್ಟೆಗೆ ಕೈ ಊರಿ. ಕೈ ಕೆಳಗೆ ಹೋದಷ್ಟೂ ಕಷ್ಟ ಜಾಸ್ತಿ.

ಎಳೆಯುವುದಕ್ಕೆ ಬ್ಯಾಂಡನ್ನು ಕಿಟಕಿಯ ಕಬ್ಬಿಣದ ಸರಳಿಗೆ ಸುತ್ತಿ ಎರಡೂ ತುದಿ ಹಿಡಿಯಿರಿ. ಮೊಣಕೈಯನ್ನು ಪಕ್ಕೆಯ ಹಿಂದಕ್ಕೆ ಎಳೆದು ಬೆನ್ನಿನ ರೆಕ್ಕೆಗಳನ್ನು ಒಂದಕ್ಕೊಂದು ಹತ್ತಿರ ತನ್ನಿ. ಗೂನು ಬೆನ್ನಿನವರು ತಳ್ಳುವುದಕ್ಕಿಂತ ಎಳೆಯುವುದನ್ನು ಒಂದು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು) ಜಾಸ್ತಿ ಮಾಡಿ.

ಹೊರುವುದು ನನಗೆ ಬಹಳ ಇಷ್ಟ. ಎರಡೂ ಕೈಯಲ್ಲಿ ಒಂದೊಂದು ಚೀಲ, ಒಂದೊಂದರಲ್ಲಿ ಮೂರು ಕೆಜಿ. ಬೆನ್ನು ನೆಟ್ಟಗೆ, ಹೆಗಲು ಇಳಿಬಿಟ್ಟು, ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಒಂದು ನಿಮಿಷ ನಡೆಯಿರಿ. ಮುಷ್ಟಿಯ ಬಲವೂ ಬೆಳೆಯುತ್ತದೆ. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಷ್ಟಿಯ ಬಲ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚಿತ್ತು. ಸಾವಿನ ಅಂದಾಜು ಕೊಡುವುದರಲ್ಲಿ ಅದು ಬಿಪಿಯ ಮೇಲಿನ ಅಂಕಿಗಿಂತಲೂ ಚುರುಕಾಗಿತ್ತು. ಮುಷ್ಟಿ ಒಂದೇ ಹಿಚುಕಿದರೆ ಆಯಸ್ಸು ಬರುತ್ತದೆ ಅಂತಲ್ಲ. ಇಡೀ ಮೈಯ ಬಲಕ್ಕೆ ಅದು ಒಂದು ಗುರುತು.

ಕೊನೆಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ನಿಧಾನ ಇಳಿಯುವುದು, ಹದಿನೈದು ಸಲ. ಮತ್ತೆ ಒಂಟಿ ಕಾಲಲ್ಲಿ ನಿಲ್ಲುವುದು. ಇದನ್ನು ಹಲ್ಲುಜ್ಜುವಾಗ, ಹಾಲು ಉಕ್ಕುವುದನ್ನು ಕಾಯುವಾಗ ದಿನಾ ಮಾಡಬಹುದು.

ಎಷ್ಟು ಭಾರ, ಎಷ್ಟು ಸಲ

ವಾರಕ್ಕೆ ಎರಡು ದಿನ ಸಾಕು, ಮೂರಾದರೆ ಒಳ್ಳೆಯದು. ನಡುವೆ ಒಂದು ದಿನವಾದರೂ ಬಿಡಿ, ಉದಾಹರಣೆಗೆ ಸೋಮವಾರ, ಗುರುವಾರ. ಐದು ನಿಮಿಷ ಮನೆಯೊಳಗೇ ಓಡಾಡಿ ಮೈ ಬಿಸಿ ಮಾಡಿಕೊಳ್ಳಿ. ಮೊದಲ ಎರಡು ವಾರ ಒಂದೊಂದು ವ್ಯಾಯಾಮ ಒಂದೇ ಸೆಟ್, ಎಂಟು ಸಲ. ಮೂರನೇ ವಾರದಿಂದ ಎರಡು ಸೆಟ್, ಎರಡನೇ ತಿಂಗಳಿಂದ ಮೂರು. ಸೆಟ್ ನಡುವೆ ಒಂದೂವರೆ ಎರಡು ನಿಮಿಷ ಕೂತು ಸುಧಾರಿಸಿಕೊಳ್ಳಿ. ಒಟ್ಟು ಮುಕ್ಕಾಲು ಗಂಟೆ ದಾಟುವುದಿಲ್ಲ.

ಭಾರ ಸರಿ ಇದೆಯಾ ಅಂತ ತಿಳಿಯಲು ಕೊನೆಯ ಎರಡು ಸಲವನ್ನು ಗಮನಿಸಿ. ಹತ್ತು ಸಲದ ಸೆಟ್ ಆದರೆ ಹತ್ತನೇ ಸಲಕ್ಕೆ "ಇನ್ನು ಎರಡು ಅಥವಾ ಮೂರು ಆಗಬಹುದು, ಅಷ್ಟೇ" ಅನಿಸಬೇಕು. ಹರಟೆ ಹೊಡೆಯುತ್ತಾ ಹತ್ತೂ ಮುಗಿದರೆ ಭಾರ ಸಾಲದು. ಆರನೇ ಸಲಕ್ಕೇ ಬೆನ್ನು ಬಾಗಿ ಮುಖ ಕಿವುಚಿದರೆ ಜಾಸ್ತಿ ಆಯಿತು. ಸತತ ಎರಡು ದಿನ ಹನ್ನೆರಡು ಸಲ ಸಲೀಸಾಗಿ ಬಂದರೆ ಸ್ವಲ್ಪ ಏರಿಸಿ, ಒಂದು ಕೆಜಿಯೋ ಅರ್ಧ ಕೆಜಿಯೋ.

ಉಸಿರು ಕಟ್ಟಬೇಡಿ. ಕಟ್ಟಿದರೆ ಬಿಪಿ ಒಮ್ಮೆಲೇ ಏರುತ್ತದೆ. ಏಳುವಾಗ, ತಳ್ಳುವಾಗ ಬಾಯಿಬಿಟ್ಟು ಎಣಿಸಿ. ಮಾತಾಡುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ.

ಮೂರು ತಿಂಗಳು ಕಳೆದ ಮೇಲೆ ಒಂದು ಬದಲಾವಣೆ. ಕುರ್ಚಿ ಬಸ್ಕಿಯಲ್ಲಿ ಭಾರ ಸ್ವಲ್ಪ ಇಳಿಸಿ, ಚಟ್ಟನೆ ಏಳಿ, ನಿಧಾನ ಕೂರಿ. ಎಡವಿದಾಗ ನಮ್ಮನ್ನು ಕಾಪಾಡುವುದು ಈ ವೇಗ.

ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. "ಕು 10-10-8, ಅಕ್ಕಿ 5". ಅಂದರೆ ಕುರ್ಚಿ ಬಸ್ಕಿ ಮೂರು ಸೆಟ್, ಐದು ಕೆಜಿ ಅಕ್ಕಿ ಹಿಡಿದು. ಅಷ್ಟೇ ಸಾಕು.

ಮಂಡಿ ನೋವಿದ್ದರೆ

"ಎಕ್ಸ್‌ರೇಯಲ್ಲಿ ಮಂಡಿ ಸವೆದಿದೆ ಅಂದಿದ್ದಾರೆ, ನಾನು ಹೇಗೆ ಬಸ್ಕಿ ಹೊಡೆಯಲಿ?" ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಸವೆತದ ಮಂಡಿಗೆ ಮೊದಲ ಚಿಕಿತ್ಸೆಗಳಲ್ಲಿ ಒಂದು ತೊಡೆಯ ಮಾಂಸಖಂಡ ಗಟ್ಟಿ ಮಾಡುವುದೇ. ತೊಡೆ ಗಟ್ಟಿ ಇದ್ದರೆ ಮಂಡಿಯ ಮೇಲಿನ ಹೊರೆ ಅದು ಹಂಚಿಕೊಳ್ಳುತ್ತದೆ. ಕುರ್ಚಿಯ ಎತ್ತರ ಜಾಸ್ತಿ ಇಟ್ಟು, ನೋವು ತಡೆಯಬಲ್ಲಷ್ಟರಲ್ಲಿ ಮಾಡಿ. ಹತ್ತರಲ್ಲಿ ಮೂರರಷ್ಟು ನೋವು, ಮರುದಿನಕ್ಕೆ ಮೊದಲಿನಂತೆ ಆದರೆ ಪರವಾಗಿಲ್ಲ. ಮರುದಿನ ಮಂಡಿ ಊದಿದರೆ ಮುಂದಿನ ಸಲ ಕಡಿಮೆ ಮಾಡಿ.

ಮಾಂಸಖಂಡದ ನೋವು ಬೇರೆ. ಮಾಡಿದ ಎರಡನೇ ದಿನ ತೊಡೆ ಹಿಡಿದಂತಿರುವುದು, ಮೆಟ್ಟಿಲು ಇಳಿಯುವಾಗ ಗೊತ್ತಾಗುವುದು ಸಹಜ. ಮೂರು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದಂಥ ನೋವು ಸಹಜ ಅಲ್ಲ.

ಊಟದಲ್ಲಿ ಕಾಳು ಎಲ್ಲಿದೆ?

ಮಾಂಸಖಂಡ ಬೆಳೆಯಲು ಪ್ರೋಟೀನ್ ಬೇಕು. ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವುದು ಬಹಳ ತಜ್ಞರ ಅಭಿಪ್ರಾಯ. 60 ಕೆಜಿಯವರಿಗೆ 60ರಿಂದ 72 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ನಮ್ಮ ಹಿರಿಯರ ಊಟ ನೋಡಿ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು ಮಜ್ಜಿಗೆ, ರಾತ್ರಿ "ಹಗುರವಾಗಿ ಸಾಕು" ಅಂತ ಒಂದು ಲೋಟ ಹಾಲು, ಬಾಳೆಹಣ್ಣು. ಇದರಲ್ಲಿ ಅರ್ಧವೂ ಸಿಗುವುದಿಲ್ಲ. ಬಸ್ಸಾರು ಮಾಡಿದ ದಿನವೂ ರಸ ಮುದ್ದೆಗೆ ಹಾಕಿಕೊಂಡು, ಕಾಳಿನ ಪಲ್ಯವನ್ನು ಮಕ್ಕಳ ತಟ್ಟೆಗೆ ಬಡಿಸುತ್ತಾರೆ. ಪ್ರೋಟೀನ್ ಇರುವುದು ಆ ಕಾಳಿನಲ್ಲೇ!

ಲೆಕ್ಕಕ್ಕೆ ಅಂದಾಜು ಹೀಗಿದೆ. ಒಂದು ಮೊಟ್ಟೆಗೆ 6 ಗ್ರಾಂ. 200 ಮಿಲಿ ಲೋಟ ಹಾಲಿಗೆ 6. ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜಕ್ಕೆ 7. 30 ಗ್ರಾಂ ಬೇಳೆಯ ಗಟ್ಟಿ ತೊವ್ವೆಗೂ ಅಷ್ಟೇ. ಹುರಳಿಕಾಳು, ಹೆಸರುಕಾಳು ಎಲ್ಲ ಹೆಚ್ಚುಕಡಿಮೆ ಅದೇ ಲೆಕ್ಕ. 30 ಗ್ರಾಂ ಒಣ ಮೀಲ್ ಮೇಕರ್‌ಗೆ 15. ಬೇಯಿಸಿದ ಕೋಳಿ ಮಾಂಸ 100 ಗ್ರಾಂಗೆ 25, ಮೀನಿಗೆ 20. ರಾಗಿಯಲ್ಲಿ ಪ್ರೋಟೀನ್ ಕಡಿಮೆ, 100 ಗ್ರಾಂಗೆ 7ರಷ್ಟು, ಆದರೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಧಾರಾಳವಾಗಿದೆ, ಸುಮಾರು 350 ಮಿಲಿಗ್ರಾಂ.

ಮೂರು ಹೊತ್ತಿಗೂ ಹಂಚಿ ತಿನ್ನಿ. ಹಲ್ಲಿಲ್ಲದವರಿಗೆ ಹುರಿಗಡಲೆ ಪುಡಿ ಮಜ್ಜಿಗೆಯಲ್ಲಿ ಕಲಸಿ ಕೊಡಬಹುದು, ಹೆಸರುಬೇಳೆ ಚೆನ್ನಾಗಿ ಬೇಯಿಸಿ ಮಸೆದು ಕೊಡಬಹುದು.

ನೆಲದಿಂದ ಏಳುವ ಅಭ್ಯಾಸ

ಬಿದ್ದವರಿಗೆ ಪೆಟ್ಟಾಗದಿದ್ದರೂ ಏಳಲು ಆಗದೆ ಗಂಟೆಗಟ್ಟಲೆ ಬಿದ್ದಿರುವುದು ಇದೆ. ಹಾಗಾಗಿ ಏಳುವುದನ್ನೇ ಕಲಿಯಬೇಕು. ಎರಡು ತಿಂಗಳು ಕುರ್ಚಿ ಬಸ್ಕಿ ಆದ ಮೇಲೆ, ಮನೆಯವರು ಜೊತೆಗಿರುವಾಗ ಮಾಡಿ. ಮಂಡಿ ಕೀಲು ಬದಲಿಸಿಕೊಂಡವರು ಮೊದಲು ಫಿಸಿಯೋ ಕೇಳಿ.

ಚಾಪೆ ಹಾಸಿ ಅಂಗಾತ ಮಲಗಿ, ಹತ್ತಿರದಲ್ಲಿ ಗಟ್ಟಿ ಕುರ್ಚಿ ಇರಲಿ. ಒಂದು ಮಗ್ಗುಲಿಗೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೇಲೆ ಬನ್ನಿ. ಅಂಬೆಗಾಲಿಗೆ ತಿರುಗಿ ಕುರ್ಚಿಯ ತನಕ ಹೋಗಿ. ಎರಡೂ ಕೈ ಸೀಟಿನ ಮೇಲೆ. ಬಲ ಇರುವ ಕಾಲಿನ ಪಾದವನ್ನು ಮುಂದಿಟ್ಟು, ಕೈ ಕಾಲು ಎರಡರಿಂದಲೂ ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಿ. ಮಂಡಿ ಕೆಳಗೆ ಮಡಚಿದ ಕಂಬಳಿ ಇದ್ದರೆ ನೋಯುವುದಿಲ್ಲ.

ಅಮ್ಮ ಇದನ್ನು ಕಲಿಯುವಾಗ ಅಂಬೆಗಾಲಿಗೆ ಬಂದ ಮೇಲೆ ಸುಮ್ಮನೆ ನಿಂತುಬಿಟ್ಟರು. "ಕೊನೇ ಸಲ ಹೀಗೆ ಇದ್ದಿದ್ದು ನಿನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡಾಗ" ಅಂದರು. ಆಮೇಲೆ ಎದ್ದರು. ಈಗ ದೇವರ ಮುಂದೆ ಒಂದು ಕೈ ನೆಲಕ್ಕೆ ಊರಿ ಏಳುತ್ತಾರೆ. ಚೌಕಟ್ಟು ಹಿಡಿಯುವುದಿಲ್ಲ.

ನಡುವೆ ನಿಂತುಹೋದರೆ

ಜ್ವರ, ಮದುವೆ, ಊರಿನ ಜಾತ್ರೆ, ಮೊಮ್ಮಕ್ಕಳ ರಜೆ. ನಿಲ್ಲುವುದು ಸಹಜ. ಆದರೆ ವಯಸ್ಸಾದವರಲ್ಲಿ ಬಲ ಬೇಗ ಜಾರುತ್ತದೆ. ಬಾಸ್ಟನ್‌ನ ಅದೇ ಹಿರಿಯರು ವ್ಯಾಯಾಮ ಬಿಟ್ಟ ನಾಲ್ಕೇ ವಾರದಲ್ಲಿ ಬಲದ ಶೇ 32ರಷ್ಟು ಕಳೆದುಕೊಂಡರು. ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇಟ್ಟಾಗ ಕಾಲಿನಿಂದಲೇ ಸುಮಾರು ಒಂದು ಕೆಜಿ ಮಾಂಸಖಂಡ ಕರಗಿತ್ತು.

ಅದಕ್ಕೇ ಆಸ್ಪತ್ರೆಗೆ ಸೇರಿದರೂ ಡಾಕ್ಟರು ಬೇಡ ಅನ್ನದಿದ್ದರೆ ದಿನಕ್ಕೆ ಮೂರು ನಾಲ್ಕು ಸಲ ಮಂಚದ ಅಂಚಿನಿಂದ ಎಬ್ಬಿಸಿ ಕೂರಿಸಿ. ಊರಿಗೆ ಹೋದಾಗ ಚೀಲ ಬ್ಯಾಂಡ್ ಏನೂ ಬೇಡ, ಕುರ್ಚಿ ಬಸ್ಕಿ ಒಂದು ಸೆಟ್ ಸಾಕು. ವಾರಕ್ಕೊಮ್ಮೆ ಆದರೂ ಮಾಡಿ. ಎರಡು ವಾರ ಪೂರ್ತಿ ಬಿಟ್ಟಿದ್ದರೆ ವಾಪಸ್ ಬಂದ ದಿನ ಅರ್ಧ ಭಾರದಿಂದ, ಒಂದೇ ಸೆಟ್‌ನಿಂದ ಶುರು ಮಾಡಿ. ಜ್ವರ ಬಂದು ಹೋಗಿದ್ದರೆ ಮತ್ತೆ ಒಂದು ದಿಂಬು ಹಾಕಿಕೊಳ್ಳಿ. ಹಳೆಯ ಭಾರಕ್ಕೆ ಮರಳಲು ಮೊದಲ ಸಲದಷ್ಟು ದಿನ ಹಿಡಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಚಿಕುನ್‌ಗುನ್ಯ ಆಗಿ ಐದು ವಾರ ಏನೂ ಮಾಡಲಿಲ್ಲ. ಕೀಲು ನೋವು ಇಳಿದ ಮೇಲೆ ಎರಡು ದಿಂಬು ಹಾಕಿ, ಐದೇ ಸಲ ಅಂತ ಕ್ಯಾಲೆಂಡರಿನಲ್ಲಿ ಬರೆದುಕೊಂಡು ಶುರು ಮಾಡಿದರು. ಆರನೇ ವಾರಕ್ಕೆ ಅಕ್ಕಿಯ ಪ್ಯಾಕೆಟ್ ಮತ್ತೆ ಕೈಗೆ ಬಂದಿತ್ತು.